ಎದೆಯ ಮೇಲಿನ ಕಿಸೆ

ಮೊಮ್ಮಗಳ ಕೊರಳಿನಿಂದ ಲಿಂಗ ಕಟ್ಟಿದ ಶಿವದಾರ ಬಿಚ್ಚಬೇಕಾಗುತ್ತದೆ ಎಂದು ಸಿಸ್ಟರ್ ಮೀನಾಜ್ ಮೆಲ್ಲಗೆ ಹೇಳಿದ್ದೇ ತಡ, ಕಮಳಾಬಾಯಿಯ ಮಗ ವೀರಭದ್ರ ಕುರ್ಚಿ ಬಿಟ್ಟೆದ್ದ.

ಭುವನೇಶ್ವರಿಗೆ ಹದಿನಾರು. ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಮಾತು ಬಿಡುವ ಮೊದಲು ಬದುಕು ಸಾಕು ಅಂದಿದ್ದಳು. ಇಂಥ ಮಕ್ಕಳನ್ನು ಇಟ್ಟುಕೊಂಡು ನೋಡಬೇಕೆಂದರೆ ಮೊದಲೆಲ್ಲ ಹೈದರಾಬಾದಿಗೇ ಓಡಬೇಕಿತ್ತು. ಈಗ ಹುಮನಾಬಾದಿನಲ್ಲಿ ಹರೆಯದವರಿಗೆಂದೇ ಮಾನಸಿಕ ಚಿಕಿತ್ಸೆಯ ವಾರ್ಡು ತೆರೆದಿದ್ದಾರೆ. ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದರೆ ಬಿಸಿಲೇರುವುದರೊಳಗೆ ಬಾಗಿಲಲ್ಲಿರಬಹುದು. ಹಾಸಿಗೆಯೂ ಸಿಕ್ಕಿತ್ತು. ತೊಡಕಾದದ್ದು ಒಂದು ದಾರ.

ಒಳಗೆ ಓಢಣಿ, ಲಾಡಿ, ಯಾವ ದಾರವೂ ಸಲ್ಲದು, ಜೀವಕ್ಕೆ ಅಪಾಯವೆಂದು ಮೀನಾಜ್ ತಿಳಿಸಿ ಹೇಳಿದಳು. "ನಮ್ಮ ಹುಡುಗರ ತಾವೀಜಿನ ದಾರನೂ ಬಿಚ್ಚಸ್ತೀವ್ರಿ, ಆಯಿ."

ವೀರಭದ್ರ ಚೀಲ ಎತ್ತಿಕೊಂಡ. "ಉಸಿರಿರೂತನ ಲಿಂಗ ಮೈ ಬಿಡಬಾರದು ಅಂತ ನೀನೇ ಕಲಿಸಿದಿ. ನಡಿ ಅವ್ವಾ, ಮನಿಗಿ ಹೋಗೂಣು."

ಕಮಳಾಬಾಯಿ ಕದಲಲಿಲ್ಲ. ಮನೆಗೆ ಹೋದರೆ ಈ ಕೂಸು ಉಳಿಯುವುದಿಲ್ಲವೆಂದು ಅವಳ ಕರುಳಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ವಚನ ಹೇಳಿಕೊಂಡು ಬಂದ ನಾಲಿಗೆ ಅದು, ತಡವರಿಸಲಿಲ್ಲ.

"ಲಿಂಗ ಬಿಡಬಾರದು ಅಂದೀನಿ. ದಾರ ಬಿಡಬಾರದು ಅಂತ ಎಂದಾರ ಅಂದೀನೇನು? ಕೂಡು ಅಲ್ಲಿ."

ಆಮೇಲೆ ಮೀನಾಜಳ ಕಡೆ ತಿರುಗಿ ಸೂಜಿ ಕೇಳಿದಳು. ವಾರ್ಡಿನ ಅಂಗಿಗೆ ಒಳಗಡೆ ಒಂದು ಕಿಸೆ ಹೊಲಿಯುತ್ತೇನೆ, ಲಿಂಗವಿಡುವ ಬೆಳ್ಳಿಯ ಕರಡಿಗೆ ಬೇಡ, ದಾರ ಬೇಡ, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಲಿಂಗ ಮಾತ್ರ ಅದರೊಳಗಿರಲಿ ಎಂದಳು. ಮೀನಾಜ್ ಒಳಗೆ ಹೋಗಿ ಡಾಕ್ಟರರನ್ನು ಕೇಳಿ ಬಂದಳು. ಆಗಬಹುದು, ಆದರೆ ಹೊಲಿಗೆ ತನ್ನ ಕಣ್ಣೆದುರೇ ಆಗಬೇಕು, ಸೂಜಿ ತನ್ನ ಕೈಗೇ ಮರಳಬೇಕು ಎಂದಳು.

ಕಮಳಾಬಾಯಿ ತನ್ನ ಸೆರಗಿನ ಅಂಚನ್ನೇ ಹರಿದು ಕಿಸೆ ಮಾಡಿದಳು. ಹೊಲಿಯುತ್ತ ಎಂದಿನಂತೆ ವಚನ ಗುನುಗಿದಳು. ವೀರಭದ್ರ ಮಗಳ ಪಕ್ಕ ಬಂದು ಕೂತ, ಚೀಲ ನೆಲಕ್ಕಿಳಿದಿತ್ತು.

ಅಂಗಿಯನ್ನು ಎತ್ತಿ ತೋರಿಸಿದಾಗ ಭುವನೇಶ್ವರಿ ಬಹಳ ಹೊತ್ತು ನೋಡಿದಳು. ತುಟಿ ಒಣಗಿತ್ತು, ದನಿ ಸಣ್ಣಗಿತ್ತು.

"ಬಲಕ್ಕ ಹೊಲದೀಯಲ್ಲ ಆಯಿ. ಕಣ್ಣು ಹೋಗ್ಯಾವೇನು?"

ವೀರಭದ್ರ ಮುಖ ಆಚೆ ತಿರುಗಿಸಿಕೊಂಡ. ಕಮಳಾಬಾಯಿ ಮಾತ್ರ ಏನೂ ಆಗಿಲ್ಲವೆಂಬಂತೆ ಹೊಲಿಗೆ ಬಿಚ್ಚತೊಡಗಿದಳು. "ಹೌದವ್ವಾ, ಮುದುಕಿ ಆದ್ನಿ. ಎಲ್ಲಿ ಬೇಕು, ಬೊಟ್ಟಿಟ್ಟು ತೋರಸು."

ಭುವನೇಶ್ವರಿ ತನ್ನ ಎದೆಯ ಎಡಕ್ಕೆ ಬೆರಳಿಟ್ಟಳು. ಆ ಬೆರಳನ್ನು ಅಲ್ಲಿಂದ ತೆಗೆಯದೆಯೇ, ಇನ್ನೊಂದು ಕೈಯಿಂದ ಶಿವದಾರವನ್ನು ತಾನೇ ತಲೆಯ ಮೇಲಿಂದ ತೆಗೆದು ಅಜ್ಜಿಯ ಉಡಿಯಲ್ಲಿಟ್ಟಳು.