ಅಕ್ಕನ ಲ್ಯಾಪ್‌ಟಾಪ್

ಮದುವೆಯೊಂದರ ಫೋಟೋಗಳನ್ನು ತನ್ನ ಅಕ್ಕನಿಂದ ಕೇಳಿ ತಂದ ಲ್ಯಾಪ್‌ಟಾಪಿಗೆ ಇಳಿಸಿದ ಕೂಡಲೇ ಫೋಟೋಗ್ರಾಫರ್ ಕ್ಯಾಮೆರಾದ ಕಾರ್ಡನ್ನು ಅಳಿಸಿಬಿಟ್ಟಿದ್ದ. ಮುಂದಿನ ಕೆಲಸಕ್ಕೆ ಕಾರ್ಡು ಖಾಲಿ ಇರಬೇಕೆಂಬುದು ಅವನ ಹಳೆಯ ಚಾಳಿ. ಮರುದಿನವೇ ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿತು. ಅಂದಿನಿಂದ ಮದುಮಗಳ ಅಣ್ಣನ ಫೋನ್ ಬಂದಾಗಲೆಲ್ಲ ಎತ್ತುವ ಧೈರ್ಯವಾಗದೆ ಫೋನನ್ನು ಬೋರಲು ಹಾಕಿ ಕೂರುತ್ತಿದ್ದ.

ರಿಪೇರಿಯವನು ಲ್ಯಾಪ್‌ಟಾಪ್ ಬಿಚ್ಚಿ, ಕಾಫಿ ಕರೆಗಟ್ಟಿದ ಬೋರ್ಡನ್ನು ತೋರಿಸಿದ.

"ರಿಪೇರಿ ಮಾಡಬಹುದು. ಆದ್ರೆ ಕರೆಂಟ್ ಕೊಟ್ಟಾಗ ಸುಟ್ಟುಹೋದ್ರೆ ಫೋಟೋನೂ ಹೋಯ್ತು. ಫೋಟೋನೇ ಮುಖ್ಯ ಅಂದ್ರೆ ಅವು ಇರೋ ಚಿಪ್ ಕಿತ್ತು ತೆಗೀತೀನಿ, ಉಳಿದದ್ದು ಗುಜರಿಗೆ. ಯಾವುದು ಹೇಳಿ."

ಅತ್ತ ದರಿ, ಇತ್ತ ಪುಲಿ. "ನಂದು ಅಂತ ಇರೋದು ಇದೊಂದೇ ಕಣೋ, ಹುಷಾರು," ಎಂದು ಹೇಳಿಯೇ ಅಕ್ಕ ಕೊಟ್ಟಿದ್ದಳು. ಅಕ್ಕನ ಕಾಲಿಗಾದರೂ ಬೀಳಬಹುದು; ಕಂಡವರ ಮದುವೆಯನ್ನು ಇನ್ನೊಂದು ಸಲ ಮಾಡಿಸಲಾದೀತೇ?

"ಕಿತ್ತುಬಿಡಿ," ಎಂದು ಕಣ್ಣು ಮುಚ್ಚಿಕೊಂಡ.

ಸಂಜೆಯ ಹೊತ್ತಿಗೆ ಫೋಟೋಗಳೆಲ್ಲ ಸಿಕ್ಕವು. ಹೋದ ಜೀವ ಬಂದಂತಾಗಿ, ಈ ಸಲ ತಾನೇ ಮದುಮಗಳ ಅಣ್ಣನಿಗೆ ಫೋನ್ ಮಾಡಿದ.

"ಸಾರ್, ಫೋಟೋ ರೆಡಿ!"



"ಎಷ್ಟು ಸಲ ಫೋನ್ ಮಾಡ್ದೆ, ನೀವು ಎತ್ತಲೇ ಇಲ್ವಲ್ಲ. ನನ್ನ ತಂಗಿ ಗಂಡನ್ನ ಬಿಟ್ಟು ಬಂದಿದ್ದಾಳೆ. ಆ ಫೋಟೋ ಒಂದೂ ಉಳಿಸಬೇಡಿ ಅಂತ ಹೇಳೋಕೇ ಮಾಡಿದ್ದು."

ರಿಪೇರಿಯವನು ಅಕ್ಕನ ಲ್ಯಾಪ್‌ಟಾಪನ್ನು ಸ್ಕ್ರೂಗಳ ಸಮೇತ ಚೀಲಕ್ಕೆ ತುಂಬಿ ಅವನ ಕೈಗಿತ್ತ.