ಶುಕ್ರವಾರದ ಗಂಜಿ

ಬೊಳಬೊಳ ಕುದಿಯುತ್ತಿದೆ, ಬರೀ ನೀರು, ಒಂದು ಕಾಳಿಲ್ಲ, ಕುದಿಯುವ ನೀರನ್ನು ನೋಡುತ್ತ ಕೂಡುವುದೂ ಒಂದು ಭಕ್ತಿಯೇ ಇರಬೇಕು ಎಂದುಕೊಂಡು ಲೀಲಾಕ್ಷಿ ಸೌದೆಯನ್ನು ಹಿಂದಕ್ಕೆಳೆದಳು, ಎಳೆದರೆ ಒಲೆ ಆರುತ್ತದೆ, ನೂಕಿದರೆ ನೀರು ಬತ್ತುತ್ತದೆ, ಈ ಯುದ್ಧದ ಕಾಲದಲ್ಲಿ ಸೌದೆ ಯಾರಪ್ಪನ ಮನೆಯಿಂದ ಬರಬೇಕು, ಈಸ್ಟರಿನ ಮುಂಚಿನ ಉಪವಾಸದ ದಿನಗಳು, ಲೆಂಟು, ಆ ಲೆಂಟಿನ ಶುಕ್ರವಾರದ ಗಂಜಿ ಈ ವಾರ ಅವಳ ಮನೆಯದು, ಮನೆಯವಳು ನೀರಷ್ಟೇ ಇಡಬೇಕು, ಅಕ್ಕಿ ಹಾಕಬಾರದು, ಚರ್ಚಿನ ಸಭೆಯವರು ಒಬ್ಬೊಬ್ಬರೂ ತಂತಮ್ಮ ಮನೆಯಿಂದ ಒಂದು ಹಿಡಿ ತಂದು ಮುಷ್ಟಿ ಬಿಚ್ಚಿ ತೋರಿಸದೆ ಸುರಿಯಬೇಕು, ಕೊನೆಯ ಮುಷ್ಟಿ ಸಭೆಯ ಹಿರಿಯರದು, ಅವರು ಪ್ರಾರ್ಥನೆ ಮಾಡಿ ಸುರಿದರೆ ಮುಗಿಯಿತು, ಎಲ್ಲರದೂ ಒಂದೇ ಗಂಜಿ — ಚಂದದ ಪದ್ಧತಿ, ಊಟವಿದ್ದವರು ಮಾಡಿಟ್ಟದ್ದು, ಈಗ ನೋಡಿದರೆ ಒಬ್ಬರದು ನುಚ್ಚು, ಒಬ್ಬರದು ಜೋಳ, ಇನ್ನೊಬ್ಬರದು ಸರಕಾರಿ ಅಂಗಡಿಯ ಮುಗ್ಗಿದ ಅಕ್ಕಿ, ನುಚ್ಚು ಅಂಟಾಗುವ ಹೊತ್ತಿಗೆ ಜೋಳ ಇನ್ನೂ ಕಲ್ಲು, ಹೋದ ವಾರ ಒಬ್ಬಳ ಹಲ್ಲೇ ಅಲುಗಿತು, ದೇವರ ಮಹಿಮೆ ಅಂದರು. ಪಕ್ಕದ ರಂಗೂಬಾಯಿ ಬಾಗಿಲಲ್ಲಿ ಇಣುಕಿ ನಕ್ಕು ಹೋಗಿದ್ದಳು, ಕಾಯ್ ಗ ಲೀಲಾ, ನಮ್ಮಲ್ಲಿ ಏಕಾದಶಿ ಅಂದರೆ ದುಪ್ಪಟ್ಟು ತಿನ್ನೋದು, ನಿಮ್ಮದೇನು ಬರೀ ಪಾಣಿ — ನಗಲಿ, ನಗುವವರಾದರೂ ಬಂದರಲ್ಲ, ಉಳಿದವರು ಬರುತ್ತಾರೋ ಇಲ್ಲವೋ, ಹೊರಸಿನ ಮೇಲಿಂದ ಅತ್ತೆ, ಯಾರರೆ ಬಂದ್ರೇನವಾ, ಇಲ್ಲರಿ ಅತ್ತೆ, ನೀರರೆ ಕುದೀತೇನು, ಕುದೀತು, ಒಂದು ಸಲ ಅಲ್ಲ, ಬೆಳಗ್ಗಿನಿಂದ ನನ್ನ ತಲೆಯೂ ಕುದೀತು.

ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ ಹಿರಿಯರಾದ ಕಾಂತಪ್ಪನವರು ಹೇಳಿದ್ದರು, ಈ ಸಲ ನಿನ್ನ ಮನೆ ಬಿಡುವಾ ಅಂತ, ಬೇಸರ ಮಾಡಬೇಡ ಮಾರಾಯ್ತಿ, ನನ್ನದು ಖಡಕಿಯ ಸರಕಾರಿ ಮದ್ದುಗುಂಡಿನ ಕಾರ್ಖಾನೆ ಕೆಲಸ, ಪೊಲೀಸರ ಕಣ್ಣುಂಟು — ಗಂಜಿಗೂ ಪೊಲೀಸರು ಬರ್ತಾರಾ ಕಾಂತಪ್ಪಣ್ಣ, ಬಂದರೆ ಬರಲಿ, ಅವರೂ ಒಂದು ಹಿಡಿ ತರಲಿ — ಅಂದುಬಿಟ್ಟಳು, ಅನ್ನಬಾರದಿತ್ತು, ಅನ್ನದೆ ಏನು ಮಾಡುವುದು, ತಪ್ಪು ಮಾಡಿದ ಯಜಮಾನರು ಜೈಲಿನೊಳಗೆ ಕೂತಿದ್ದಾರೆ, ಕೀರ್ತನೆ ಪುಸ್ತಕದೊಳಗೆ ಚಳವಳಿಯ ಕರಪತ್ರ ಇಟ್ಟುಕೊಂಡು ಲಷ್ಕರದ ಬೀದಿಯಲ್ಲಿ ಹಂಚಿದವರು, ಹಂಚಲು ಇಡೀ ಪುಣೆಯಲ್ಲಿ ಬೇರೆ ಪುಸ್ತಕ ಸಿಗಲಿಲ್ಲವೇ, ಪೊಲೀಸರ ಲಾರಿ ಹತ್ತುವಾಗ ಮುಷ್ಟಿ ಎತ್ತಿದ್ದೇನು, ಆ ಮುಷ್ಟಿಯಲ್ಲಿ ಮನೆಯ ಬೀಗದ ಕೈ ಇತ್ತು, ಆಮೇಲೆ ಅವಳು ಬೀಗ ಒಡೆಸಬೇಕಾಯಿತು. ಯರವಡೆ ಜೈಲಿನ ಜಾಳಿಗೆಯ ಆಚೆ ಗಡ್ಡ ಬಿಟ್ಟುಕೊಂಡು, ನಾವೆಲ್ಲಾ ಕೂಡಿ ಉಪಾಸ ಹಿಡಿದೇವಿ ಲೀಲಾ, ಭಾಳ ಸಮಾಧಾನ ಅದ — ಸಮಾಧಾನವಂತೆ, ಜೈಲಿನಲ್ಲಿ ಉಪವಾಸ, ಸಭೆಯಲ್ಲಿ ಉಪವಾಸ, ಅಂಗಡಿಯ ಸಾಲಿನಲ್ಲಿ ಉಪವಾಸ, ಒಲೆ ಊದುವವಳು ಮಾತ್ರ ಒಬ್ಬಳೇ — ಬೈಯಬೇಕೆಂದೇ ಹೋಗಿದ್ದಳು, ಆದರೆ ಜಾಳಿಗೆ ಹಿಡಿದ ಆ ಬೆರಳು ಎಷ್ಟು ಸಣ್ಣಗಾಗಿದ್ದವು, ಸಭೆಯೊಳಗ ನನ್ನ ಸಲುವಾಗಿ ಪ್ರಾರ್ಥನಾ ಮಾಡ್ತಾರೇನು ಅಂತ ಕೇಳಿದರು, ಹೂಂ, ಪ್ರತಿ ಶುಕ್ರವಾರ, ಹೆಸರು ಹಿಡಿದು ಮಾಡ್ತಾರೆ ಅಂದಳು, ಒಬ್ಬರೂ ಒಂದು ಸಲವೂ ಹೇಳಿರಲಿಲ್ಲ, ಅವರ ಮುಖ ಮಾತ್ರ ಉಂಡವರ ಹಾಗೆ ಆಯಿತು. ಆ ಮುಖಕ್ಕಾಗಿ ಇವತ್ತು ಇದು ನಿಜ ಆಗಬೇಕು, ಆಗದಿದ್ದರೆ ಮುಂದಿನ ಭೇಟಿಗೆ ಯಾವ ಮುಖ ಹೊತ್ತು ಹೋಗಲಿ.

ಚಪ್ಪಲಿಗಳ ಸದ್ದು. ಬಂದರು, ಹೌದು ಬಂದರು, ಭಕ್ತಿಯೋ ಹಸಿವೋ, ಸೆರಗಿನ ಮರೆಯಲ್ಲಿ ಮುಷ್ಟಿ, ಅಂಗಿಯ ಜೇಬಿನಲ್ಲಿ ಮುಷ್ಟಿ, ಒಬ್ಬೊಬ್ಬರೇ ಬಗ್ಗಿ ಸುರಿದು ಸರಿದರು, ಸಭೆಯೇ ಬಂದ ಮೇಲೆ ಹಿರಿಯರು ಮನೆಯಲ್ಲಿ ಕೂಡಲಾಗುತ್ತದೆಯೇ, ಕೊನೆಗೆ ಕಾಂತಪ್ಪನವರೂ ಬಂದರು, ಬೀದಿಯತ್ತ ಎರಡು ಸಲ ತಿರುಗಿ ನೋಡಿ ಬಾಗಿಲು ಹಾಕಿಸಿದರು, ಹಂಡೆಯ ಮೇಲೆ ಮುಷ್ಟಿ ಚಾಚಿ ಕಣ್ಣು ಮುಚ್ಚಿದರು, ನಮ್ಮ ಅರಸರಾದ ಆರನೆಯ ಜಾರ್ಜರನ್ನು, ಅವರ ಸೈನ್ಯವನ್ನು, ವೈರಿಗಳ ಕೈಗೆ ಸೆರೆ ಸಿಕ್ಕಿದ ಸಿಪಾಯಿಗಳನ್ನು, ಕಷ್ಟದಲ್ಲಿರುವ ಸಕಲರನ್ನು — ಸಕಲರನ್ನು, ಅಷ್ಟೇ, ಆಮೆನ್ ಅನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಲೀಲಾಕ್ಷಿಯ ಸೌಟು ಹಂಡೆಗೆ ಅಡ್ಡ ಬಂದಿತ್ತು, ಯಾವಾಗ ಬಂತೋ ಅವಳಿಗೇ ತಿಳಿಯದು. ನಮ್ಮ ಮನೆಯವರ ಹೆಸರು ಹೇಳಿ ಕಾಂತಪ್ಪಣ್ಣ. ಹೆಸರು ಯಾಕೆ ಮಾರಾಯ್ತಿ, ದೇವರಿಗೆ ಗೊತ್ತುಂಟಲ್ಲ. ಅರಸರ ಹೆಸರೂ ದೇವರಿಗೆ ಗೊತ್ತುಂಟು, ಆದರೂ ಪ್ರತಿ ಶುಕ್ರವಾರ ನೆನಪು ಮಾಡಿ ಕೊಡ್ತೀರಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಅಷ್ಟು ಬೇಕಾದರೆ ನೀನೇ ಹೇಳು, ಅಂದರು ಕಾಂತಪ್ಪನವರು, ಹೇಳಲಾರಳು ಎಂಬ ಧೈರ್ಯ, ಅವಳ ತಾಯಿ ಹೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ, ಗಂಡನ ಹೆಸರು ಹೇಳುವ ಹೆಂಗಸು ಈ ಕೋಣೆಯಲ್ಲಿ ಯಾರಿದ್ದಾರೆ — ಆಮೋಸ, ಅಂದಳು. ಆಮೋಸ. ಏನೂ ಆಗಲಿಲ್ಲ, ಸೂರು ಬೀಳಲಿಲ್ಲ, ಹೊರಸಿನ ಮೇಲೆ ಅತ್ತೆಯ ಉಸಿರು ಮಾತ್ರ ನಿಂತು ಮತ್ತೆ ಬಂತು, ನಾನು ಹೇಳಿಯಾಯಿತು ಕಾಂತಪ್ಪಣ್ಣ, ಇನ್ನು ನೀವು, ಸಭೆಯ ಬಾಯಿಂದ ಬರಬೇಕು, ಅವರ ಕೈಗೆ ಬಿಸಿ ತಾಗುತ್ತಿರಬೇಕು, ತಾಗಲಿ, ಬೆರಳ ಸಂದಿಯಲ್ಲಿ ನೀರು ಹನಿಗಟ್ಟಿದೆ, ಹಿಂದಕ್ಕೂ ಹೋಗದು, ಬಿಚ್ಚದು, ಆ ಮುಷ್ಟಿ, ಸೌಟಿನ ಮೇಲೆ, ಹಬೆಯಲ್ಲಿ, ಕೆಂಪಗಾಗುತ್ತ, ಇನ್ನೂ ಮುಷ್ಟಿಯೇ