ಎರಡು ಕೆನ್ನೆಯ ದೃಷ್ಟಿಬೊಟ್ಟು

ನೊಣವಿರಬೇಕು, ಮುನಿಕೃಷ್ಣಪ್ಪ ಮಗಳ ಜೋಡಿಪಟದ ಗಾಜಿನ ಮೇಲೆ ಉಫ್ ಎಂದು ಊದಿದ, ಹಾರಲಿಲ್ಲ, ನೊಣವಲ್ಲ, ಕಾಡಿಗೆ — ಎಡಗಾಜಿನ ಮಗುವಿಗೆ ಎಡಕೆನ್ನೆಯಲ್ಲೊಂದು ಚುಕ್ಕೆ, ಬಲಗಾಜಿನದಕ್ಕೆ ಬಲಕೆನ್ನೆಯಲ್ಲೊಂದು, ಮೈದಾ ಅಂಟು ಆರುವಷ್ಟರಲ್ಲಿ ಹೆಂಡತಿ ಆದಿಲಕ್ಷ್ಮಮ್ಮ ಬಂದು ಇಟ್ಟುಹೋಗಿದ್ದಾಳೆ, ಇಲ್ನೋಡಿ, ಇಬ್ರೂ ಬಂದವ್ರೆ ಅಂತ ಆಗಲೇ ಅಂದಳಲ್ಲ, ಇಬ್ರಲ್ಲ ಕಣೇ, ನಮ್ ಪಿಳ್ಳಮ್ಮ ಒಬ್ಳೇ, ಎರಡು ಕಣ್ಣಿನ ಕ್ಯಾಮೆರಾ ಅದು, ಈ ಕಣ್ಣಿಗೊಂದು ಆ ಕಣ್ಣಿಗೊಂದು, ಈ ನೋಡೋ ಪೆಟ್ಟಿಗೆಯಲ್ಲಿಟ್ಟು ಎರಡೂ ಕಣ್ಣು ಹಚ್ಚಿದ್ರೆ ಎರಡೂ ಕೂಡ್ಕೊಂಡು ಮಗು ಎದ್ದು ಬಂದಂಗೆ ಕಾಣ್ತದೆ — ಕೇಳಿಸಿಕೊಂಡಳೋ ಇಲ್ಲವೋ, ಅವಳಿ ಹೆತ್ತವಳಿಗೆ ಜೋಡಿ ಚಿತ್ರ ಕಂಡರೆ ಇನ್ನೇನು ತೋಚೀತು, ಗುರುತು ಸಿಗಲೆಂದು ಪಿಳ್ಳಮ್ಮನಿಗೆ ಎಡಕ್ಕೆ, ನಾರಾಯಣಮ್ಮನಿಗೆ ಬಲಕ್ಕೆ ಬೊಟ್ಟಿಡುತ್ತಿದ್ದ ಬೆರಳು ಅದು, ನಾರಾಯಣಮ್ಮ ಜ್ವರದಲ್ಲಿ ಹೋಗಿ ಯುಗಾದಿಗೆ ವರ್ಷವಾಯಿತು, ಬೆರಳಿಗೆ ಮಾತ್ರ ಮರೆವಿಲ್ಲ.

ಒರೆಸಬೇಕು, ಮೇಲೆ ಇನ್ನೊಂದು ಗಾಜು ಮುಚ್ಚಿ ಅಂಚಿಗೆ ಕರಿಕಾಗದ ಮೆತ್ತಿದರೆ ಮುಗಿಯಿತು, ಆಮೇಲೆ ಏನಿದ್ದರೂ ಒಳಗೇ, ಸಂಜೆಗೆ ಪೆಟ್ಟಿಗೆ ಹೊಸೂರಿನ ಪಟದಂಗಡಿಗೆ ವಾಪಸ್ಸು, ಅಂಗಡಿ ಯಜಮಾನ ವೆಂಕಟೇಶಪ್ಪನವರು ಹೇಳಿ ಕಳಿಸಿದ್ದಾರೆ, ನಿನ್ ಮಗಳ ಪಟ ಕಣಯ್ಯ, ನೀನೇ ಕೂರ್ಸು, ಎಡದ್ದು ಬಲಕ್ಕೆ ಕೂತ್ರೆ ಹಿಂದಿನ್ ಬೆಟ್ಟ ಮುಂದಕ್ಕೆ ಬಂದು ಮಗು ಬೆಟ್ಟದಾಚೆ ಹೋಗ್ಬುಡ್ತದೆ — ಬೆಟ್ಟದಾಚೆ, ಯಾವ ಮಗು — ಪೆಟ್ಟಿಗೆಗೆ ಸೇರಿಸಿ ಕಣ್ಣಿಟ್ಟ, ಕೂರಿಸಿದ್ದು ಸರಿಯಾಗಿಯೇ ಇದೆ, ಬಲಗಣ್ಣು ಮುಚ್ಚಿದರೆ ಪಿಳ್ಳಮ್ಮ, ಎಡಗಣ್ಣು ಮುಚ್ಚಿದರೆ, ಛೆ, ಅದೂ ಪಿಳ್ಳಮ್ಮನೇ, ಆದರೆ ಬಲಕೆನ್ನೆ, ಎರಡೂ ತೆರೆದರೆ ಒಂದೇ ಮಗು, ಕೈ ಚಾಚಿದರೆ ಗಲ್ಲ ಸಿಗುವಷ್ಟು ಹತ್ತಿರ, ಬೊಟ್ಟುಗಳು ಮಾತ್ರ ನಿಲ್ಲವು, ಎಡದ್ದು ಕಂಡರೆ ಬಲದ್ದು ಮಾಸುತ್ತದೆ, ಬಲದ್ದು ಮೂಡಿದರೆ ಎಡದ್ದು ಅಳಿಯುತ್ತದೆ, ಕಣ್ಣು ನೀರಾಡಿತೋ ಏನೋ, ಅಪ್ಪಾ, ನಂಗೂ ತೋರ್ಸು, ಮೊಣಕೈ ಜಗ್ಗುತ್ತಿದ್ದಾಳೆ ಪಿಳ್ಳಮ್ಮ, ಇದ್ರಾಗೆ ನಾನ್ಯಾವ್ದಪ್ಪಾ, ಎರಡೂ ನೀನೇ ಕಣವ್ವ ಅನ್ನಬೇಕು, ಪೆಟ್ಟಿಗೆಯನ್ನು ಅವಳ ಕೈಗೆಟುಕದಂತೆ ಮೇಲಕ್ಕೆತ್ತಿಕೊಂಡ, ಒಲೆಯ ಮುಂದಿನಿಂದ ಆದಿಲಕ್ಷ್ಮಮ್ಮನ ದನಿ, ಇಬ್ರಿಗೂ ಇಟ್ಟಿವ್ನಿ, ದೃಷ್ಟಿ ತಾಕ್ಬಾರ್ದು, ಒರೆಸ್ಬುಟ್ಟೀರಿ ಮತ್ತೆ — ಇಲ್ಲ, ಒಂದನ್ನು ಬಿಟ್ಟು ಒಂದನ್ನು ಒರೆಸಿದರೆ, ಯಾವುದನ್ನು, ಎರಡನ್ನೂ ಒರೆಸಿದರೆ ಇವಳಿಗೆ ದೃಷ್ಟಿ, ಎರಡನ್ನೂ ಬಿಟ್ಟರೆ ಇವಳ ಮುಖದ ಮೇಲೆ ಹೋದವಳು ಹೀಗೇ ಮಿಣುಕುತ್ತಾ, ಒದ್ದೆಬಟ್ಟೆಯ ತುದಿ ಬೆರಳಿಗೆ ಸುತ್ತಿದ್ದಾಗಿದೆ, ಬೆರಳು ಗಾಜಿನ ಅಂಚಿಗೆ ಬಂದಿದೆ, ಒಂದು ಸಲ, ಕಡೇ ಸಲ ನೋಡಿಬಿಡೋಣವೆಂದು ಪೆಟ್ಟಿಗೆಗೆ ಕಣ್ಣಿಟ್ಟ, ಬಂತು, ಹೋಯಿತು, ಮತ್ತೆ ಬಂತು, ಬಲಕೆನ್ನೆಯದು, ಹೋಯಿತು, ಬಂತು, ಬಲಕೆನ್ನೆಯದು —